ಸತ್ತ ನಕ್ಷತ್ರದ ಬಂಗಾರ

ಭೌತಶಾಸ್ತ್ರ ಕಲಿಸುವವನ ಬಾಯಿ ಸುಮ್ಮನಿರುವುದಿಲ್ಲ. ಎಪ್ಪತ್ತರ ದಶಕದ ಕೊನೆಗೆ ನಾನು ಹೋದಲ್ಲೆಲ್ಲ ಯಾರಾದರೊಬ್ಬರು ಗಾಬರಿಯಾಗಿ ಎದೆ ಹಿಡಿದುಕೊಂಡು ಕೂಡುತ್ತಿದ್ದರು.

೧. ಸೊಲ್ಲಾಪುರದ ಕಾಲೇಜು

“ಬಂಗಾರ ಭೂಮಿಯಲ್ಲಿ ಹುಟ್ಟಿದ್ದಲ್ಲ. ದೊಡ್ಡ ನಕ್ಷತ್ರ ಸತ್ತು ಕುಗ್ಗಿದರೆ ನ್ಯೂಟ್ರಾನ್ ನಕ್ಷತ್ರ. ಅಂಥವೆರಡು ಡಿಕ್ಕಿ ಹೊಡೆದು ಸಿಡಿದರೆ, ಸಣ್ಣ ಪರಮಾಣುಗಳು ಗಬಗಬನೆ ನ್ಯೂಟ್ರಾನು ನುಂಗಿ ಬಂಗಾರವಾಗಬಹುದು ಎಂಬುದು ಹೊಸ ವಿಚಾರ,” ಎಂದು ಪಾಠ ಮಾಡುತ್ತಿದ್ದೆ. ಬಾಗಿಲಲ್ಲಿ ನಿಂತು ಕೇಳಿದ ಪ್ರಿನ್ಸಿಪಾಲರ ಮುಖ ಬಿಳಿಚಿಕೊಂಡಿತ್ತು.

“ಪಾಠ ಛಲೋ ಆತ್ರಿ ಸರ. ಪ್ರ್ಯಾಕ್ಟಿಕಲ್ ಮಾತ್ರ ಬ್ಯಾಡ್ರಿ, ಬಿಲ್ಡಿಂಗ್ ಹೊಸಾದು ಅದ.”

೨. ಅಕ್ಕಲಕೋಟೆಯ ಮನೆ

ನಾಲ್ಕು ಕಡೆ ಬೇಡವೆನಿಸಿಕೊಂಡ ನನ್ನನ್ನು ಅಕ್ಕಲಕೋಟೆಯ ಹುಡುಗಿ ಒಪ್ಪಿದ್ದಳು. ನನಗಂತೂ ಆಕೆ ಬಹಳ ಹಿಡಿಸಿದ್ದಳು. ಮುಹೂರ್ತ ತೆಗೆಸಲು ಹೋದಾಗ ಆಕೆಯ ಅಜ್ಜಿ ಹೊಸ ಮಂಗಳಸೂತ್ರ ತೋರಿಸಿದರು.

“ಅಜ್ಜಿ, ಈ ಬಂಗಾರ ಸತ್ತ ನಕ್ಷತ್ರದ್ದು ನೋಡ್ರಿ,” ಎಂದುಬಿಟ್ಟೆ.

ಅಜ್ಜಿ ಅದನ್ನು ಚಾಪೆಯ ಮೇಲೆ ಒಗೆದರು. “ಅಯ್ಯಯ್ಯ! ಹೆಣದ ಮ್ಯಾಲಿಂದು ಹುಡುಗಿ ಕೊಳ್ಳಾಗ ಹಾಕೂದೇನ್ರಿ? ಸೂತಕ!”

ಪಂಚಾಂಗ ಬಿಚ್ಚಿ ಕೂತಿದ್ದ ಪುರೋಹಿತರು ಕೇಳಿದರು, “ಸತ್ತದ್ದು ಯಾವಾಗ?”

“ಕೋಟ್ಯಂತರ ವರ್ಷದ ಹಿಂದ.”

“ಸುದ್ದಿ ಇಷ್ಟ ತಡಾ ಆಗಿ ಬಂದ್ರ ಹತ್ತು ದಿವಸ ಹಿಡಿಯೂದು ಬ್ಯಾಡ. ಒಂದ ಸ್ನಾನ ಸಾಕು.”

ಮಾಘದ ಚಳಿಯಲ್ಲಿ ಮನೆಮಂದಿಯೆಲ್ಲ ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ಸುದ್ದಿ ತಂದವನೆಂದು ನನಗೆ ಎರಡು ಕೊಡ ಹೆಚ್ಚಿಗೆ.

೩. ಅದೇ ಮನೆ, ಒದ್ದೆ ತಲೆ

ನಡುಗುತ್ತಿದ್ದ ಅಜ್ಜಿಗೆ ಸಮಾಧಾನ ಹೇಳಹೋದೆ. “ನಕ್ಷತ್ರ ಅಂದ್ರ ಪರಕೀಯ ಅಲ್ಲ ಅಜ್ಜಿ. ನಮ್ಮ ಗಂಟಲಾಗಿನ ಅಯೋಡಿನ್ನೂ ಹಂಗ ಹುಟ್ಟಿದ್ದು. ನಿಮ್ಮ ಮೊಮ್ಮಗಳು, ನಾನು, ಎಲ್ಲಾರೂ ಅಲ್ಲಿಂದನ ಬಂದವರು.”

“ಒಂದ ಮೂಲ?” ಅಜ್ಜಿ ಕೂತಲ್ಲಿಂದ ಎದ್ದರು. “ಅಂದ್ರ ಸಗೋತ್ರ! ಅಣ್ಣ-ತಂಗಿ! ಈ ಲಗ್ನ ಆಗೂದಿಲ್ಲ!”

ಪುರೋಹಿತರು ಪಂಚಾಂಗ ಮುಚ್ಚಿದರು. ಒಳಕೋಣೆಯ ಬಾಗಿಲಲ್ಲಿ ಹುಡುಗಿ ಕಣ್ಣು ತುಂಬಿಕೊಂಡು ನಿಂತಿದ್ದಳು.

“ಎರಡು ನಕ್ಷತ್ರ ಅಜ್ಜಿ!” ಎಂದು ಚೀರಿದೆ. “ಡಿಕ್ಕಿ ಹೊಡದದ್ದು ಎರಡು! ನಂದೊಂದು, ಆಕೀದೊಂದು!” ಇದಕ್ಕೆ ಯಾವ ವಿಜ್ಞಾನದ ಆಧಾರವೂ ಇರಲಿಲ್ಲ.

“ಬ್ಯಾರೆ ಬ್ಯಾರೆ?”

“ಪೂರಾ ಬ್ಯಾರೆ. ಒಂದನ್ನೊಂದು ಸುತ್ತಿ ಸುತ್ತಿ, ಕಡೀಕ ಕೂಡಿದ್ವು.”

ಅಜ್ಜಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. “ಅಯ್ಯ ಶಿವನ! ಹಂಗಾದ್ರ ಲಗ್ನ ಆಗೇ ಹೋಗ್ಯದ! ನಮ್ಮನ್ನ ಯಾರೂ ಕರೀಲೇ ಇಲ್ಲಲ್ಲ!”