ಪೂರ್ವಕ್ಕೆ ಉಕ್ಕಿದ ಹಾಲು

ಹಾಲು ಉಕ್ಕಲಿಲ್ಲ. ಅಷ್ಟಕ್ಕೇ ಶಶಿಕಾಂತನ ಸಂಸಾರ ಬೀದಿಯಲ್ಲಿ ನಿಂತಿತ್ತು.

ಹನುಮಂತನಗರದ ಹಳೆಯ ಮನೆಯ ಬೀಗವನ್ನು ಬೆಳಿಗ್ಗೆಯೇ ಒಪ್ಪಿಸಿಯಾಗಿತ್ತು. ಮಂಚ, ಬೀರು, ವಾಷಿಂಗ್ ಮೆಷಿನ್ ಎಲ್ಲವನ್ನೂ ಹೊತ್ತ ಟೆಂಪೊ ಬನಶಂಕರಿಯ ಹೊಸ ಬಾಡಿಗೆ ಮನೆಯ ಮುಂದೆ ಬಂದು ನಿಂತಿತ್ತು. ಆದರೆ ಕೆಳಗಿನ ಮನೆಯಲ್ಲೇ ವಾಸವಿರುವ ಓನರ್ ಲಕ್ಷ್ಮಮ್ಮ ಗೇಟಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ನೋಡಪ್ಪಾ, ರಾಹುಕಾಲ ಬರೋದ್ರೊಳಗೆ ಹಾಲು ಉಕ್ಬೇಕು. ಅದೂ ಪೂರ್ವಕ್ಕೆ. ಅಲ್ಲೀತನಕ ಒಲೆ, ಸಿಲಿಂಡರು, ಹಾಲಿನ ಪಾತ್ರೆ ಬಿಟ್ರೆ ಒಂದು ಚಮಚಾನೂ ಮೇಲಕ್ಕೆ ಹೋಗಂಗಿಲ್ಲ."

ಹಾಲು ಉಕ್ಕಿಸಬೇಕಾದ ಹೆಂಡತಿ ಸಿರಿ, ಸಾಮಾನಿನ ನಡುವೆ ಹೂತುಹೋಗಿದ್ದ ದೇವರ ಫೋಟೊ ಹುಡುಕಲು ಟೆಂಪೊ ಹತ್ತಿದ್ದಳು. "ರೀ, ನೀವೇ ಶುರು ಮಾಡಿ, ಟೈಮ್ ಆಯ್ತು!" ಎಂದು ಅಲ್ಲಿಂದಲೇ ಕೂಗಿದಳು.

ಶಶಿಕಾಂತ ಮೇಲಿನ ಮನೆಯ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದ. ಹಾಲು ಬಿಸಿಯಾಯಿತು, ಕೆನೆ ಕಟ್ಟಿತು, ಬುಸ್ಸೆಂದು ಮೇಲೆದ್ದಿತು. ಅವನ ಕೈ ಥಟ್ಟನೆ ಹೋಗಿ ಒಲೆ ಆರಿಸಿಬಿಟ್ಟಿತು! ಅವನ ತಪ್ಪೇನೂ ಇಲ್ಲ. ಮದುವೆಯಾದಾಗಿನಿಂದ ದಿನಾ ಬೆಳಿಗ್ಗೆ ಹಾಲು ಕಾಯುವುದೇ ಅವನ ಕೆಲಸ. ಉಕ್ಕಿಸಿದ ದಿನ ಕಾಫಿಯ ಜೊತೆ ಬೈಗುಳವನ್ನೂ ಕುಡಿದು ಆಫೀಸಿಗೆ ಹೋದವನು ಅವನು. ಎರಡನೇ ಸಲವೂ ಹಾಗೇ ಆಯಿತು.

"ಉಕ್ತೇನಪ್ಪಾ?" ಕೆಳಗಿನಿಂದ ಲಕ್ಷ್ಮಮ್ಮ.

"ಬಂತಮ್ಮಾ, ಬಂದೇಬಿಡ್ತು!"

ಮೂರನೇ ಸಲ ಶಶಿಕಾಂತ ಉರಿ ಜೋರು ಮಾಡಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಹಾಲು ಎದ್ದಿತು. ಉಕ್ಕಿತು! ಅದೂ ಹೇಗೆ, ಪಾತ್ರೆಯ ಪೂರ್ವದ ಅಂಚಿನಿಂದ ಧಾರೆಧಾರೆಯಾಗಿ ಒಲೆಯ ಮೇಲೆ, ಕಟ್ಟೆಯ ಮೇಲೆ, ಅಲ್ಲಿಂದ ನೆಲಕ್ಕೆ. ಶಶಿಕಾಂತ ಕುಣಿಯುವುದೊಂದು ಬಾಕಿ. ಆಗ ಮೂಗಿಗೆ ವಾಸನೆ ಬಡಿಯಿತು. ಹಾಲು ಬಿದ್ದು ಉರಿ ಆರಿಹೋಗಿತ್ತು, ಗ್ಯಾಸು ಮಾತ್ರ ಸುಯ್ಯೆಂದು ಬರುತ್ತಲೇ ಇತ್ತು.

"ಅಯ್ಯೋ ಶಿವನೇ!" ಎಂದು ಹಾರಿ ಒಲೆಯ ತಿರುಪು ಬಂದ್ ಮಾಡಿದ. ಬಗ್ಗಿ ರೆಗ್ಯುಲೇಟರ್ ಆಫ್ ಮಾಡಿದ. ಕಿಟಕಿ ತೆಗೆದ, ಹಿಂಬಾಗಿಲು ತೆಗೆದ. ಅಷ್ಟರಲ್ಲಿ ಪಕ್ಕದ ಮನೆಯ ಬೋರಣ್ಣ ಒಳಗೆ ನುಗ್ಗಿದರು. ಯಾರ ಮನೆಯಲ್ಲಿ ಏನೇ ಆದರೂ ಮೊದಲು ಹಾಜರಾಗುವುದು ಅವರ ಕ್ರಮ.

"ಏನ್ ಸಾರ್ ವಾಸ್ನೆ? ತಡೀರಿ, ಎಕ್ಸಾಸ್ಟ್ ಫ್ಯಾನ್ ಹಾಕ್ತೀನಿ!"

"ಮುಟ್ಬೇಡಿ! ಸ್ವಿಚ್ ಮುಟ್ಟಿದ್ರೆ ಕಿಡಿ ಹಾರತ್ತೆ!" ಶಶಿಕಾಂತ ಅವರ ಮಣಿಕಟ್ಟು ಹಿಡಿದುಕೊಂಡು ಬಾಗಿಲಿನತ್ತ ಎಳೆದ. ಬಾಗಿಲಲ್ಲಿ ನೋಡಿದರೆ ಇನ್ನೊಂದು ಗಂಡಾಂತರ. ಎದುರು ಮನೆಯ ಮುನಿಯಕ್ಕ ಕರ್ಪೂರ ಹಚ್ಚಿದ ಆರತಿ ತಟ್ಟೆ ಹಿಡಿದು, ಹಾಡು ಹೇಳುತ್ತಾ ಹೊಸ್ತಿಲು ದಾಟುವುದರಲ್ಲಿದ್ದರು.

ಹೇಳಲು ಪುರುಸೊತ್ತೆಲ್ಲಿ? ಶಶಿಕಾಂತ ಓಡಿಹೋಗಿ ಅವರನ್ನು ಮೆಟ್ಟಿಲಿಗೇ ಹಿಂದಕ್ಕೆ ನೂಕಿ, ಕೆನ್ನೆ ಉಬ್ಬಿಸಿ ಆರತಿಯನ್ನು ಊದಿ ಆರಿಸಿಬಿಟ್ಟ.

"ಅಯ್ಯಯ್ಯೋ! ಮಂಗಳಾರ್ತಿ ಊದ್ಬಿಟ್ನಲ್ಲಾ! ಲಕ್ಷ್ಮಮ್ಮಾ, ಎಂಥೋನ್ನ ಮನೆಗೆ ಸೇರಿಸ್ಕೊಂಡ್ರೀ!"

ಗಲಾಟೆಗೆ ಬೀದಿಗೆ ಬೀದಿಯೇ ಮೆಟ್ಟಿಲ ಮೇಲೆ ಜಮಾಯಿಸಿತು. ವಾಸನೆ ಪೂರ್ತಿ ಹೋಗುವವರೆಗೆ ಯಾರನ್ನೂ ಒಳಗೆ ಬಿಡದೆ ಶಶಿಕಾಂತ ಬಾಗಿಲಿಗೆ ಅಡ್ಡ ನಿಂತ. ಕೊನೆಗೆ ಲಕ್ಷ್ಮಮ್ಮ ಅವನನ್ನು ಸರಿಸಿ ಅಡುಗೆಮನೆಗೆ ಹೋದರು. ಶಶಿಕಾಂತ ಹಿಂದೆಯೇ ಓಡಿದ. ಮನೆ ಕೈತಪ್ಪಿದರೆ ಸಾಮಾನು ಇಳಿಸುವುದೆಲ್ಲಿ, ರಾತ್ರಿ ಮಲಗುವುದೆಲ್ಲಿ?

ಲಕ್ಷ್ಮಮ್ಮ ನೆಲದ ಹಾಲನ್ನು ನೋಡಿದರು. ದಿಕ್ಕು ನೋಡಿದರು. ಎರಡೂ ಕೈ ಜೋಡಿಸಿದರು. ಅವರ ಕಣ್ಣಲ್ಲಿ ನೀರು!

"ಪೂರ್ವಕ್ಕೇ ಉಕ್ಕೈತೆ ಕಣ್ರೇ! ಇಷ್ಟು ವರ್ಷದಲ್ಲಿ ಈ ಮನೇಲಿ ಯಾರಿಟ್ರೂ ಹಾಲು ಒಡ್ದೋಗ್ತಿತ್ತು, ಇಲ್ಲ ತಳ ಹಿಡೀತಿತ್ತು. ಮಗರಾಯ, ನಿನ್ ಕೈಗುಣ ದೊಡ್ಡದು!"

ಶಶಿಕಾಂತ ಹಿರಿಹಿರಿ ಹಿಗ್ಗಿದ. "ಹಾಗಾದ್ರೆ ಸಾಮಾನು ಇಳಿಸ್ಲಾ ಅಮ್ಮಾ?"

"ಇಳಿಸೋದಾ? ಇಂಥ ಲಕ್ಷ್ಮಿ ಒಲಿದ ಮನೇನ ಯಾರಾದ್ರೂ ಬಾಡಿಗೆಗೆ ಕೊಡ್ತಾರೇನಪ್ಪಾ?" ಲಕ್ಷ್ಮಮ್ಮ ಕಿಟಕಿಯಿಂದ ಕೆಳಗೆ ಬಗ್ಗಿ ಮಗನನ್ನು ಕೂಗಿದರು. "ಲೋ ರೇವಂತಾ! ದೋಷ ಹೋಯ್ತು ಕಣೋ! ನೀನೂ ನಿನ್ನೆಂಡ್ತೀನೂ ಇವತ್ತೇ ಮೇಲಕ್ಕೆ ಬಂದ್ಬಿಡಿ!"

ದೇವರ ಫೋಟೊ ಎದೆಗವಚಿಕೊಂಡು ಆಗಷ್ಟೇ ಮೆಟ್ಟಿಲು ಹತ್ತಿ ಬಂದ ಸಿರಿ, "ಆಂಟಿ, ನಾವೆಲ್ಲಿಗೆ ಹೋಗೋದು?" ಎಂದಳು.

"ನಿಮ್ಮನ್ನ ಬೀದೀಲಿ ಬಿಡ್ತೀನೇನವ್ವಾ? ಗೊಟ್ಟಿಗೆರೇಲಿ ನಮ್ಮದೇ ಇನ್ನೊಂದು ಮನೆ ಖಾಲಿ ಐತೆ. ಅಲ್ಲೂ ಯಾರಿಟ್ರೂ ಹಾಲು ಉಕ್ಕಲ್ಲ. ಈಗ್ಲೇ ಹೋಗಿ, ನಿಮ್ಮೆಜಮಾನ್ರ ಕೈಲೇ ಇಡ್ಸು."

ಶಶಿಕಾಂತ ಕೇಳಿದ, "ಅಲ್ಲೂ ಉಕ್ಕಿಬಿಟ್ರೆ ಅಮ್ಮಾ?"

"ಉಕ್ಲಿ ಬಿಡಪ್ಪಾ. ನಮ್ಮ ಚಿಕ್ಕ ಮಗಂಗೂ ಒಂದು ಮನೆ ಬೇಕಲ್ಲಾ!"

ಕೆಳಗೆ ಟೆಂಪೊದವನು ಹಾರ್ನ್ ಹೊಡೆಯತೊಡಗಿದ.