ಇಕ್ಕಳ ಹಿಡಿದ ಕ್ಯಾಷಿಯರ್

ಎಲ್ಲ ರಾಮಾಯಣಕ್ಕೂ ಮೂಲ ಅಂಗೈಯಗಲದ ಒಂದು ಬಿಲ್ಲಿನ ಕಾಗದ. ಅಂಗಡಿಯಲ್ಲಿ ಸಾಮಾನು ಕೊಂಡವರು ಬಾಗಿಲು ದಾಟುವಷ್ಟರಲ್ಲಿ ಅದನ್ನು ಮುದುರಿ ಬಿಸಾಡುತ್ತಾರೆ. ಆದರೆ ನಮ್ಮ ಕ್ಯಾಷಿಯರ್ ಅದನ್ನು ಬೆಳಗಿನಿಂದ ಕತ್ತಲಾಗುವವರೆಗೆ, ನಿಂತ ಕಾಲಲ್ಲೇ, ಯಂತ್ರದಿಂದ ಹರಿದು ಹರಿದು ಜನರ ಕೈಗಿಡಬೇಕಿತ್ತು. ಅವನ ಸುಸ್ತು ಅಂತಿಂಥ ಸುಸ್ತಲ್ಲ. ಊಟಕ್ಕೆ ಕೂತರೆ ತುತ್ತು ಬಾಯಲ್ಲಿರುವಾಗಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಹೆಂಡತಿ ಭುಜ ಅಲುಗಿಸಿ "ಅಗೀರಿ" ಅಂದಮೇಲೆ ಅಗಿಯುತ್ತಿದ್ದ.

ಕೊನೆಗೆ ಡಾಕ್ಟರಮ್ಮನ ಬಳಿ ಹೋದ. ಆಕೆ ರಕ್ತ ನೋಡಿದರು, ಮೂತ್ರ ನೋಡಿದರು, ಆಮೇಲೆ ಕನ್ನಡಕದ ಮೇಲಿಂದ ಅವನನ್ನೇ ನೋಡಿದರು.

"ಥೈರಾಯ್ಡ್ ಸ್ವಲ್ಪ ಮಂದ ಆಗಿದೆ, ಮಾತ್ರೆ ಕೊಡ್ತೀನಿ. ಆದ್ರೆ ಇನ್ನೊಂದು ವಿಷ್ಯ ಇದೆ. ಪ್ಲಾಸ್ಟಿಕ್ ಡಬ್ಬಿ, ಸೆಂಟು, ನಿಮ್ಮ ಬಿಲ್ಲಿನ ಕಾಗದದ ಮೇಲಿರೋ ಲೇಪ, ಇವುಗಳಲ್ಲಿ ಕೆಲವು ರಾಸಾಯನಿಕಗಳು ಹಾರ್ಮೋನಿನ ವೇಷ ಹಾಕ್ಕೊಂಡು ಮೈಯೊಳಗೆ ಸೇರ್ಕೊಳ್ತವೆ. ಈಗ ಯಾವನೋ ನಿಮ್ಮ ಥರಾನೇ ಅಂಗಿ ಹಾಕ್ಕೊಂಡು ಬಂದು ನಿಮ್ಮ ಕೌಂಟರಲ್ಲಿ ನಿಂತು ತಪ್ಪು ಬಿಲ್ ಹಾಕ್ತಾ ಹೋದ ಅನ್ಕೊಳ್ಳಿ. ಅಂಗಡಿ ಗತಿ ಏನು?"

'ಪಾಪ, ನಿಲ್ಲಲಿ ಬಿಡಿ, ನಾನು ಮನೆಗೆ ಹೋಗಿ ಮಲಗ್ತೀನಿ' ಅಂತ ಕ್ಯಾಷಿಯರನಿಗೆ ಅನ್ನಿಸಿತು.

"ನಿಮ್ಮ ಮೂತ್ರದಲ್ಲಿ ಆ ರಾಸಾಯನಿಕದ ಅಂಕಿ ಜಾಸ್ತಿ ಇದೆ. ಸುಸ್ತಿಗೆ ಅದೇ ಕಾರಣ ಅಂತ ಹೇಳೋಕಾಗಲ್ಲ. ಆದ್ರೆ ಎಲ್ಲಿಂದ ಬರ್ತಿದೆ ಅಂತ ನೋಡಬಹುದು. ನಾಳೆ ಒಂದು ದಿನ ಮನೇಲಿ ಪ್ಲಾಸ್ಟಿಕ್ಕು, ಸೆಂಟು ಏನೂ ಬೇಡ. ಅಂಗಡೀಲಿ ಮಾತ್ರ ಎಂದಿನ ಹಾಗೇ ಕೆಲಸ ಮಾಡಿ. ಸಂಜೆ ಮತ್ತೆ ಪರೀಕ್ಷೆ ಮಾಡೋಣ. ಅಂಕಿ ಇಳೀಲಿಲ್ಲ ಅಂದ್ರೆ ಬಿಲ್ಲಿನ ಕಾಗದದ್ದೇ ಕಿತಾಪತಿ. ನಿಮ್ಮನ್ನ ಕೌಂಟರಿಂದ ಬಿಡಿಸಿ ಅಂತ ನಾನೇ ಬರೆದುಕೊಡ್ತೀನಿ."

ಕ್ಯಾಷಿಯರನ ಕಣ್ಣಮುಂದೆ ಒಂದು ಕುರ್ಚಿ ಕುಣಿಯಿತು. ಅಂಗಡಿಯ ಹಿಂದಿನ ಗೋದಾಮಿನ ಬಾಗಿಲಲ್ಲಿ, ಫ್ಯಾನಿನ ಕೆಳಗೆ ಇದ್ದ ಮರದ ಕುರ್ಚಿ ಅದು. ಅಲ್ಲಿ ಕೂತು ಬಂದ ಸಾಮಾನಿಗೆ ಗುರುತು ಹಾಕಿಕೊಂಡರೆ ಮುಗಿಯಿತು. ಅಲ್ಲಿ ಕೂರುತ್ತಿದ್ದ ಮುದುಕರು ಮರುದಿನವೇ ನಿವೃತ್ತರಾಗುತ್ತಿದ್ದರು. ಆ ಜಾಗ ಯಾರಿಗೆ ಎಂದು ಕೇಳಿದ್ದಕ್ಕೆ ಮ್ಯಾನೇಜರ್, "ಕೌಂಟರಲ್ಲಿ ನಿಲ್ಲೋಕಾಗಲ್ಲ ಅಂತ ಡಾಕ್ಟರೇ ಹೇಳಿದೋರಿಗೆ" ಅಂದಿದ್ದರು. ಕ್ಯಾಷಿಯರನಿಗೆ ಜೀವನದಲ್ಲಿ ಬೇರೇನೂ ಬೇಡವಾಗಿತ್ತು. ಕೂರಬೇಕು, ಅಷ್ಟೇ.

ಆ ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಎಲ್ಲ ಹೇಳತೊಡಗಿದ. "ಪ್ಲಾಸ್ಟಿಕ್ ಕೆಟ್ಟದ್ದಂತೆ ಕಣೇ. ಸೆಂಟೂ ಕೆಟ್ಟದ್ದಂತೆ. ಬಿಲ್ಲಿನ ಕಾಗದ ಎಲ್ಲಕ್ಕಿಂತ ಕೆಟ್ಟದ್ದಂತೆ. ಆದ್ರೆ..." ಅಂದ. 'ಆದ್ರೆ'ಗೆ ಬರುವಷ್ಟರಲ್ಲಿ ನಿದ್ದೆ ಹೋದ.

ಬೆಳಿಗ್ಗೆ ಎದ್ದು ನೋಡಿದರೆ ಮನೆ ಬಣಬಣ ಅನ್ನುತ್ತಿತ್ತು. ಬಕೆಟ್ಟು, ಮಗ್ಗು, ಡಬ್ಬಿಗಳು, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು ಎಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದವು. ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಆಗಲೇ ನಮ್ಮವನ ಮಗ್ಗನ್ನು ಕಂಕುಳಲ್ಲಿ ಇರುಕಿಕೊಂಡಿದ್ದರು.

"ನಿಮಗೆ ಹಾರ್ಮೋನ್ ಕೆಟ್ಟಿದೆಯಂತೆ," ಅಂದರು ಮೇಷ್ಟ್ರು, ಮೂರು ಮಹಡಿಗೂ ಕೇಳುವ ಹಾಗೆ. "ಈ ಮಗ್ಗು ನಾನು ಇಟ್ಕೊಳ್ತೀನಿ. ನಮ್ಮ ವಯಸ್ಸಿಗೆ ಕೆಡೋಕೆ ಇನ್ನೇನು ಉಳಿದಿದೆ?"

ಕ್ಯಾಷಿಯರ್ ಬೆರಳಲ್ಲಿ ಹಲ್ಲುಜ್ಜಿ, ಪಾತ್ರೆಯಿಂದ ನೀರು ಹುಯ್ದುಕೊಂಡು, ಕೈಯಲ್ಲೇ ತಲೆ ಬಾಚಿಕೊಂಡು ಹೊರಟ. ಬಾಗಿಲಲ್ಲಿ ಹೆಂಡತಿ ಅಡುಗೆಮನೆಯ ಇಕ್ಕಳವನ್ನು ಅವನ ಕೈಗಿಟ್ಟಳು.

"ಇದ್ಯಾಕೆ?"

"ಬಿಲ್ಲು ಇದರಲ್ಲಿ ಹಿಡಿದು ಕೊಡಿ. ಕೈಯಲ್ಲಿ ಮುಟ್ಟಿದ್ರೆ ನೋಡಿ."

"ಲೇ, ಮುಟ್ಟಲೇಬೇಕು ಕಣೇ! ಮುಟ್ಟು ಅಂತ ಡಾಕ್ಟರಮ್ಮನೇ ಹೇಳಿದಾರೆ."

"ಯಾವ ಡಾಕ್ಟರ್ರಿ ವಿಷ ಮುಟ್ಟು ಅನ್ನೋದು? ನಿದ್ದೆಗಣ್ಣಲ್ಲಿ ಏನೋ ಕೇಳಿಸ್ಕೊಂಡು ಬಂದಿದೀರಿ."

ದವಾಖಾನೆಗೆ ಫೋನ್ ಹಚ್ಚಿದರೆ, ಡಾಕ್ಟರಮ್ಮ ಸಂಜೆಯವರೆಗೂ ಸಿಗುವುದಿಲ್ಲವಂತೆ. ಹೆಂಡತಿ ಗೆದ್ದ ಮುಖ ಮಾಡಿದಳು. ಹೋಗಲಿ, ಅಂಗಡಿ ಸೇರಿದಮೇಲೆ ಇಕ್ಕಳವನ್ನು ಮೂಲೆಗೆಸೆದು ಬೇಕಾದಷ್ಟು ಬಿಲ್ಲು ಮುಟ್ಟಿದರಾಯಿತು ಅಂದುಕೊಂಡ ಕ್ಯಾಷಿಯರ್.

ಆದರೆ ಅವನು ಅಂಗಡಿ ತಲುಪುವ ಮೊದಲೇ ಅವಳ ಫೋನು ತಲುಪಿತ್ತು. ಪಕ್ಕದ ಕೌಂಟರಿನ ಅಕ್ಕ ಟೊಂಕ ಕಟ್ಟಿ ನಿಂತಿದ್ದಳು. ಅಂಗಡಿಗೆಲ್ಲ ಅಕ್ಕ ಆಕೆ, ಚಿನ್ನದಂಥ ಮನುಷ್ಯಳು. ಯಾರಿಗಾದರೂ ಸಹಾಯ ಮಾಡಲು ಹೊರಟರೆ ಮಾತ್ರ ಅವಳನ್ನು ತಡೆಯಲು ಪೊಲೀಸರೇ ಬರಬೇಕು.

"ತಮ್ಮಾ, ನೀನು ಸಾಮಾನಿನ ಲೆಕ್ಕ ಮಾತ್ರ ಹೊಡಿ. ನಿನ್ನ ಬಿಲ್ಲೂ ನಾನೇ ಹರಿದು ಕೊಡ್ತೀನಿ."

"ಅಕ್ಕಾ, ನಾನು ಮುಟ್ಟದೇ ಹೋದ್ರೆ ನಂಗೆ ಕುರ್ಚಿ ಸಿಗಲ್ಲ!"

"ಹೀಗೇ ಏನೇನೋ ಹೇಳ್ತೀಯ ಅಂತ ನಿನ್ನ ಹೆಂಡ್ತಿ ಮೊದಲೇ ಹೇಳಿದಾಳೆ," ಅಂತ ಅಕ್ಕ ಕೈಗೆ ಕ್ರೀಮು ಹಚ್ಚಿಕೊಂಡಳು. ಕೈ ಒಡೆಯುತ್ತದೆಂದು ಗಳಿಗೆಗೊಮ್ಮೆ ಕ್ರೀಮು ತಿಕ್ಕಿಕೊಳ್ಳುವುದು ಅವಳ ಅಭ್ಯಾಸ. ಆ ಕೈಯಲ್ಲೇ ಅತ್ತ ತನ್ನ ಬಿಲ್ಲು, ಇತ್ತ ಅವನ ಬಿಲ್ಲು, ಸರಸರ ಹರಿಯತೊಡಗಿದಳು. ಅವನು ಕೈ ಚಾಚಿದರೆ ಸಾಕು, ಮಗು ಒಲೆಗೆ ಕೈ ಹಾಕಿತೇನೋ ಎಂಬಂತೆ ಪಟ್ಟನೆ ಹೊಡೆಯುತ್ತಿದ್ದಳು.

ಅವಳು ಇಲ್ಲದ ಗಳಿಗೆಯಲ್ಲಿ ಇಕ್ಕಳವೇ ಗತಿಯಾಯಿತು; ಯಾಕೆಂದರೆ ಆಗ, ಹೆಂಡತಿಯ ಫೋನು ತಲುಪಿದ್ದ ಮ್ಯಾನೇಜರೇ ಬಂದು ನಿಲ್ಲುತ್ತಿದ್ದರು. ಇಕ್ಕಳದ ಬಾಯಲ್ಲಿ ಬಿಲ್ಲು ಕಂಡು ಒಬ್ಬ ಹೆಂಗಸು ಕೆರಳಿದಳು.

"ಯಾಕ್ರೀ, ನಂಗೇನು ರೋಗಾನಾ?"

"ರೋಗ ನನಗಮ್ಮ," ಅಂದ ಕ್ಯಾಷಿಯರ್. ಆಕೆ ಇನ್ನಷ್ಟು ಹೌಹಾರಿ, ಸಾಮಾನನ್ನೂ ಬಿಟ್ಟು ಹೊರಟಳು.

"ಏನ್ರೀ ಇದು, ಗಿರಾಕಿ ಓಡಿಸ್ತೀರಾ?" ಅಂದರು ಮ್ಯಾನೇಜರ್.

"ಸಾರ್, ಹಾಗಾದ್ರೆ ಕೈಯಲ್ಲೇ ಕೊಡ್ತೀನಿ ಸಾರ್."

"ಛೆ ಛೆ! ನಿಮಗೆ ಏನಾದ್ರೂ ಆದ್ರೆ ನಿಮ್ಮ ಮನೆಯವರು ನನ್ನನ್ನ ಬಿಡ್ತಾರಾ? ಇಕ್ಕಳದಲ್ಲೇ ಕೊಡಿ. ಸ್ವಲ್ಪ ನಗ್ತಾ ಕೊಡಿ."

ನಗಲು ಶಕ್ತಿ ಎಲ್ಲಿತ್ತು? ಕಾಲು ಸೀಸದಂತಾಗಿತ್ತು. ಕಣ್ಣು ಎಳೆಯುತ್ತಿತ್ತು. ತನ್ನ ಒಳ್ಳೆಯದಕ್ಕೇ ಇಷ್ಟು ಜನ ಸೇರಿ ತನ್ನ ಹೊಟ್ಟೆ ಮೇಲೆ ಹೊಡೆಯುತ್ತಿದ್ದಾರಲ್ಲ ಎಂದು ಅವನಿಗೆ ಅಳುವೇ ಬಂತು.

ಮಧ್ಯಾಹ್ನ ಕೌಂಟರು ಖಾಲಿಯಾದಾಗ ಬಾಗಿಲ ಬಳಿಯ ಕಸದ ಬುಟ್ಟಿಯ ಕಡೆ ಕಳ್ಳಹೆಜ್ಜೆ ಹಾಕಿದ. ಅದರ ತುಂಬ ಜನ ಬಿಸಾಡಿದ ಬಿಲ್ಲು. ಅತ್ತಿತ್ತ ನೋಡಿ ಎರಡೂ ಕೈಯನ್ನು ಮೊಣಕೈವರೆಗೆ ಇಳಿಸಿದ. ಆಹಾ ಎಂದು ಕಣ್ಣು ಮುಚ್ಚಿದ.

"ರೀ!"

ಗಾಜಿನ ಡಬ್ಬಿಯಲ್ಲಿ ಊಟ ಹಿಡಿದು ಹೆಂಡತಿ ಎದುರಿಗೇ ನಿಂತಿದ್ದಳು.

ಮುಂದೆ ನಡೆದದ್ದನ್ನು ಗಿರಾಕಿಗಳು ಸಾಲುಬಿಟ್ಟು ಬಂದು ನೋಡಿದರು. ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ, ಅವಳು ಅಲ್ಲೇ ಒಂದು ಸ್ಟೂಲು ಹಾಕಿಕೊಂಡು ಕೂತೇಬಿಟ್ಟಳು. ಸಂಜೆಯವರೆಗೂ ಕದಲಲಿಲ್ಲ. ಅಂಗಡಿಯಲ್ಲಿ ಅವಳಿಗೂ ಕೂರಲು ಜಾಗವಿದೆ, ತನಗೊಬ್ಬನಿಗೆ ಇಲ್ಲವಲ್ಲ ಅಂತ ನೋಡುತ್ತ ನಿಂತ ಕ್ಯಾಷಿಯರ್.

ಸಂಜೆ ಹೆಂಡತಿ ಮನೆಗೆ ಹೋದಳು. ದಾರಿಯಲ್ಲಿ ಎಲ್ಲಾದರೂ ಬಿದ್ದಾನು ಎಂದು ಅಕ್ಕ ಅವನ ಜೊತೆಗೆ ದವಾಖಾನೆಗೆ ಬಂದಳು.

"ಎಂದಿನ ಹಾಗೇ ಕೆಲಸ ಮಾಡಿದ್ರಾ?" ಕೇಳಿದರು ಡಾಕ್ಟರಮ್ಮ.

"ಹೂಂ," ಅಂದ ಕ್ಯಾಷಿಯರ್. ಕಸದ ಬುಟ್ಟಿಯಲ್ಲಿ ಕಳೆದ ಆ ಒಂದು ಗಳಿಗೆಯ ಮೇಲೆ ಅವನ ಆಸೆಯೆಲ್ಲ ನಿಂತಿತ್ತು.

"ನೀವೂ ಅದೇ ಅಂಗಡಿಯವರಾ?" ಡಾಕ್ಟರಮ್ಮ ಅಕ್ಕನತ್ತ ತಿರುಗಿದರು. "ಹೋಲಿಸಿ ನೋಡೋಕೆ ನಿಮ್ಮ ಮೂತ್ರಾನೂ ಸ್ವಲ್ಪ ಕೊಟ್ಟಿರಿ."

"ಅದಕ್ಕೇನಂತೆ, ತಮ್ಮನಿಗೋಸ್ಕರ ಇಷ್ಟೂ ಮಾಡಲ್ವಾ?" ಅಂದಳು ಅಕ್ಕ.

ಮರುದಿನ ಬೆಳಿಗ್ಗೆ ಫಲಿತಾಂಶ ಕೇಳಲು ಇಬ್ಬರೂ ಹೋದರು. ಡಾಕ್ಟರಮ್ಮ ಕ್ಯಾಷಿಯರನ ಕೈ ಕುಲುಕಿದರು.

"ನಿಮ್ಮದು ಪಾತಾಳಕ್ಕೆ ಇಳಿದಿದೆ! ಬಿಲ್ಲಿನ ಕಾಗದದ್ದು ಏನೂ ತಪ್ಪಿಲ್ಲ. ಆರಾಮಾಗಿ ಕೌಂಟರಲ್ಲೇ ನಿಲ್ಲಿ."

ಕ್ಯಾಷಿಯರ್ ಇಕ್ಕಳದಿಂದ ಹಿಡಿದು ಅಕ್ಕನ ಕ್ರೀಮಿನ ಕೈ, ಕಸದ ಬುಟ್ಟಿಯವರೆಗೆ ಎಲ್ಲ ಒಪ್ಪಿಕೊಂಡ. ಡಾಕ್ಟರಮ್ಮನ ಮುಖ ಇನ್ನೂ ಅರಳಿತು.

"ಅಂದ್ರೆ ಇಕ್ಕಳದಿಂದಲೇ ಇಳೀತು! ಇನ್ನೂ ಒಳ್ಳೇದಾಯ್ತಲ್ಲ. ಕೌಂಟರ್ ಬಿಡೋ ಅವಶ್ಯಕತೇನೇ ಇಲ್ಲ. ಇಕ್ಕಳ ಮಾತ್ರ ಬಿಡಬೇಡಿ." ಆಮೇಲೆ ಅಕ್ಕನ ಕಾಗದ ತೆಗೆದು ಗಂಭೀರವಾದರು. "ಇವರದ್ದು ಮಾತ್ರ ಮುಗಿಲು ಮುಟ್ಟಿದೆ. ಇಬ್ಬರ ಬಿಲ್ಲನ್ನೂ ಹರಿದಿದಾರೆ, ಅದೂ ಕ್ರೀಮಿನ ಕೈಯಲ್ಲಿ. ಕ್ರೀಮು ಹಚ್ಚಿದ ಚರ್ಮದೊಳಕ್ಕೆ ಇದು ಇನ್ನೂ ಬೇಗ ಇಳಿಯುತ್ತೆ. ಇವರನ್ನ ಇವತ್ತೇ ಕೌಂಟರಿಂದ ಬಿಡಿಸಬೇಕು."

ಮಧ್ಯಾಹ್ನದ ಹೊತ್ತಿಗೆ ಅಕ್ಕ ಗೋದಾಮಿನ ಬಾಗಿಲಲ್ಲಿ, ಫ್ಯಾನಿನ ಕೆಳಗೆ, ಮರದ ಕುರ್ಚಿಯ ಮೇಲೆ ಕೂತಿದ್ದಳು. "ತಮ್ಮಾ, ನಿನ್ನ ಋಣ ಈ ಜನ್ಮದಲ್ಲಿ ತೀರಿಸೋಕಾಗಲ್ಲ," ಅಂತ ಅಲ್ಲಿಂದಲೇ ಕೂಗಿದಳು. ಹೊಸಬರು ಬರುವವರೆಗೆ ಅವಳ ಕೌಂಟರನ್ನೂ ನೀವೇ ನೋಡಿಕೊಳ್ಳಿ ಅಂದ ಮ್ಯಾನೇಜರ್, ಇನ್ನೊಂದು ಕೈಗೂ ಇರಲಿ ಎಂದು ಅಂಗಡಿಯ ಖರ್ಚಿನಲ್ಲೇ ಎರಡನೆಯ ಇಕ್ಕಳ ಕೊಡಿಸಿದರು.

ರಾತ್ರಿ ಊಟಕ್ಕೆ ಬಡಿಸುವಾಗ ಹೆಂಡತಿಯ ಮುಖ ಸಂತೋಷದಿಂದ ಬೆಳಗುತ್ತಿತ್ತು. "ನೋಡಿದ್ರಾ? ನನ್ನ ಮಾತು ಕೇಳಿದ್ದಕ್ಕೇ ಅಂಕಿ ಇಳೀತು. ಇನ್ನಾದ್ರೂ ನಾನು ಹೇಳಿದ್ದು ಸರಿ ಅಂತ ಒಪ್ಕೊಳ್ತೀರಾ?"

"ಸರೀನೇ ಕಣೇ," ಅಂದ ಕ್ಯಾಷಿಯರ್. "ಆದ್ರೆ..."

ಅಷ್ಟರಲ್ಲಿ ಅವನಿಗೆ ನಿದ್ದೆ ಬಂದಿತ್ತು.