ಡಿಗ್ರಿ ಬಾರದ ಹಾಲು

ಹಾಲಿನ ಡೈರಿಯ ಎದುರುಗಡೆ ಮಾತ್ರ ಮನೆ ಕಟ್ಟಿಸಬೇಡಿ. ಹುಣಸೂರು ತಾಲ್ಲೂಕಿನಲ್ಲಿ ಬೇರೆ ಎಲ್ಲಿ ಬೇಕಾದರೂ ಕಟ್ಟಿಸಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಪಕ್ಕದಲ್ಲಾದರೂ ಸರಿ. ನಾನು ಅನುಭವಿಸಿದವನು, ಹೇಳುತ್ತಿದ್ದೇನೆ.

ನಮ್ಮ ಮನೆಯಿಂದ ರಸ್ತೆ ದಾಟಿದರೆ ಡೈರಿ. ನನ್ನ ಹೆಂಡತಿ ಸಣ್ಣತಾಯಮ್ಮ ಹಾಲು ಕರೆದು ಕ್ಯಾನಿಗೆ ಸುರಿಯುತ್ತಿದ್ದಂತೆಯೇ ನಾನು ಎತ್ತಿಕೊಂಡು ಓಡಿ, ನೊರೆ ಇಳಿಯುವ ಮೊದಲೇ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತುಬಿಡುತ್ತಿದ್ದೆ. ಬದುಕಿನಲ್ಲಿ ನಾನು ಪ್ರಥಮ ಸ್ಥಾನ ಪಡೆದ ಏಕೈಕ ಕ್ಷೇತ್ರ ಅದು. (ಪಿಯುಸಿ ವಿಜ್ಞಾನವನ್ನೂ ಓದಿದ್ದೇನೆ. ಬೇರೆಯವರು ಒಂದೇ ಸಲ ಓದಿದ್ದನ್ನು ನಾನು ಎರಡು ಸಲ ಓದಿದ್ದೇನೆ.)

ಒಂದು ಬೆಳಿಗ್ಗೆ ಡೈರಿಯ ಸೆಕ್ರೆಟರಿ ಸುನೀಲ್‌ಕುಮಾರ್ ನಮ್ಮ ಹಾಲಿಗೆ ಹೊಸದಾಗಿ ತಂದ ಲ್ಯಾಕ್ಟೋಮೀಟರ್ ಬಿಟ್ಟ. ಹಾಲು ಗಟ್ಟಿಯಿದ್ದರೆ ತೇಲುವ, ತೆಳ್ಳಗಿದ್ದರೆ ಮುಳುಗುವ ಗಾಜಿನ ಕಡ್ಡಿ ಅದು; ಅದರ ಮೈಮೇಲಿನ ಗೆರೆಗಳ ಲೆಕ್ಕವೇ ಡಿಗ್ರಿ. ಕಡ್ಡಿ ಮುಳುಗಿತು. ಪುಣ್ಯಾತ್ಮ ನನಗೆ ಮೆಲ್ಲಗೆ ಹೇಳಬಹುದಿತ್ತು. ರಸ್ತೆಯಾಚೆಗೆ ಕೂಗಿ ಹೇಳಿದ.

“ಸಣ್ಣತಾಯಕ್ಕ, ಡಿಗ್ರಿ ಬತ್ತಾ ಇಲ್ಲ. ವಸಿ ನೀರು ಕಮ್ಮಿ ಮಾಡಿ. ಇನ್ನೊಂದ್ಸಲ ಇಂಗಾದ್ರೆ ನಿಮ್ಮನೆ ಹಾಲು ತಗೊಳಕಾಗಲ್ಲ.”

ಸಣ್ಣತಾಯಮ್ಮ ಸಗಣಿ ಕೈಯಲ್ಲೇ ಹೊರಗೆ ಬಂದಳು.

“ನೀರಾ? ನಾನು ಹಂಪಾಪುರದೋಳು ಕಣಪ್ಪ. ನಮ್ಮಪ್ಪನ ಮನೇಲಿ ಮಜ್ಜಿಗೆಗೂ ನೀರು ಹಾಕ್ತಿರ್ಲಿಲ್ಲ.”

(ನೀರು ಹಾಕದ ಮಜ್ಜಿಗೆಗೆ ಮೊಸರು ಎನ್ನುತ್ತಾರೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ.)

ಅವತ್ತು ಅವಳು ಊಟ ಮಾಡಲಿಲ್ಲ. ಕೊಟ್ಟಿಗೆಯಲ್ಲಿ ಹಸುವಿನ ಕತ್ತು ಸವರುತ್ತಾ ಅತ್ತಳು. ಇಡೀ ಸಾಲು ಕೇಳಿಸಿಕೊಂಡಿತ್ತಲ್ಲ, ಅದು ಅವಳ ಸಂಕಟ. ನನಗೂ ಸಂಕಟವಾಯಿತು. ಆಗಲೇ ನನ್ನೊಳಗಿನ ವಿಜ್ಞಾನಿ ಎದ್ದು ಕುಳಿತ.

“ನಿನ್ನ ತಪ್ಪಲ್ಲ ಕಣೇ, ಬಿಸಿದು ತಪ್ಪು. ಈಗ ಕರೆದ ಹಾಲು ಬೆಚ್ಚಗಿರ್ತದೆ, ಹಿಗ್ಗಿರ್ತದೆ, ಅದಕ್ಕೇ ಹಗುರ. ಕಡ್ಡಿ ಮುಳುಗ್ತದೆ. ದೂರದಿಂದ ತರೋರ ಹಾಲು ದಾರೀಲೇ ಆರಿ, ಕುಗ್ಗಿ, ಗಟ್ಟಿಯಾಗಿರ್ತದೆ.”

“ಅಂಗಾದ್ರೆ ವಸಿ ಹೊತ್ತು ಆರಕ್ಕೆ ಬುಟ್ಟು ತಗೊಂಡೋಗಿ.”

ಹಾಗೆ ಬಿಟ್ಟರೆ ನನ್ನ ಪ್ರಥಮ ಸ್ಥಾನದ ಗತಿಯೇನು? “ಅದು ವೈಜ್ಞಾನಿಕ ಅಲ್ಲ” ಎಂದೆ.

ಮಗಳು ಪವಿತ್ರಾಳ ಸ್ಟೀಲ್ ಬಾಟಲಿಗೆ ನೀರು ತುಂಬಿ ಫ್ರೀಜರಿನಲ್ಲಿಟ್ಟೆ. ಬೆಳಿಗ್ಗೆ ಆ ಮಂಜುಗಡ್ಡೆಯ ಬಾಟಲಿಯನ್ನು ಹಾಲಿನ ಕ್ಯಾನಿಗೆ ಇಳಿಬಿಡುವುದು, ಹಾಲು ಕ್ಷಣಾರ್ಧದಲ್ಲಿ ತಣ್ಣಗಾಗುವುದು, ಕಡ್ಡಿ ರಾಜಗಾಂಭೀರ್ಯದಿಂದ ತೇಲುವುದು, ಇದು ನನ್ನ ಯೋಜನೆ. ತಣ್ಣಗಾದಷ್ಟೂ ನೀರು ಕುಗ್ಗುತ್ತದಲ್ಲ, ಆ ನಷ್ಟವನ್ನು ಮೊದಲೇ ಭರ್ತಿ ಮಾಡೋಣವೆಂದು ಬಾಟಲಿಯನ್ನು ಬಾಯಿಯವರೆಗೂ ತುಂಬಿ ಮುಚ್ಚಳ ಬಿಗಿದೆ. ನೀರು ಕುಗ್ಗುವುದು ನಾಲ್ಕು ಡಿಗ್ರಿ ಉಷ್ಣಾಂಶದವರೆಗೆ ಮಾತ್ರವಂತೆ. ಅಲ್ಲಿಂದಾಚೆ ಅದರ ಮನಸ್ಸು ಬದಲಾಗಿ ಹಿಗ್ಗತೊಡಗುತ್ತದಂತೆ. ಹೆಪ್ಪುಗಟ್ಟುವಾಗ ಜಾಗ ಸಾಲದಿದ್ದರೆ ಪಾತ್ರೆಯನ್ನೇ ಒಡೆಯುತ್ತದಂತೆ. ಇದನ್ನೆಲ್ಲ ಮಗಳು ನನಗೆ ಹೇಳಿದ್ದು ಆಮೇಲೆ.

ಬೆಳಿಗ್ಗೆ ನೋಡಿದರೆ ಬಾಟಲಿಯ ತಳ ಉಬ್ಬಿಕೊಂಡು, ನಿಲ್ಲಿಸಿದರೆ ಉರುಳುತ್ತಿತ್ತು. ಚಳಿಗೆ ಸ್ಟೀಲು ಸೆಡೆತಿರಬೇಕು ಅಂದುಕೊಂಡೆ. ಬೇಗನೆ ಹಾಲು ಕರೆಸಿ, ಬಾಟಲಿಯನ್ನು ಕ್ಯಾನಿಗೆ ಇಳಿಸಿ, ಡೈರಿಯ ಬಾಗಿಲು ತೆರೆಯುವ ಮುಂಚೆಯೇ ಹೋಗಿ ಜಗಲಿಯ ಮೇಲೆ ಕುಳಿತೆ. ಸಣ್ಣತಾಯಮ್ಮನೂ ಒಳ್ಳೆಯ ಸೀರೆಯುಟ್ಟು ಜೊತೆಗೆ ಬಂದಳು. ಮಾನ ಹೋದ ಜಾಗದಲ್ಲೇ ಅದು ವಾಪಸ್ಸು ಬರಬೇಕೆಂದು ಅವಳ ಹಟ.

ಸಾಲು ಸೇರಿತು. ಎಲ್ಲರೂ ಹತ್ತಿರ ಬಂದು ನೋಡಬೇಕೆಂದು ನಾನೇ ಕರೆದೆ. ಸುನೀಲ್‌ಕುಮಾರ್ ಕಡ್ಡಿ ಬಿಟ್ಟ. ಅದು ಹಿಂದಿನ ದಿನ ನಿಂತ ಗೆರೆಯನ್ನೂ ದಾಟಿ ಕತ್ತಿನವರೆಗೆ ಮುಳುಗಿತು. ಅವನು ಅನುಮಾನದಿಂದ ಕ್ಯಾನಿಗೆ ಕೈಹಾಕಿ ಬಾಟಲಿಯನ್ನು ಮೇಲೆತ್ತಿದ. ತಳದ ಬೆಸುಗೆ ಬಿಟ್ಟಿತ್ತು. ಕರಗಿದ ನೀರು ಸಣ್ಣಗೆ, ಎಡೆಬಿಡದೆ, ಸಕಲರ ಸಮಕ್ಷಮದಲ್ಲಿ ಹಾಲಿನೊಳಕ್ಕೆ ಸುರಿಯುತ್ತಿತ್ತು.

“ಇದೇನು ಚೆಲುವರಾಜಣ್ಣ?”

“ಐಸು ಕಣಪ್ಪ.”

“ಐಸು ಅಂದ್ರೆ ನೀರೇ ಅಲ್ವಾ?”

ಈ ಪ್ರಶ್ನೆಗೆ ಎರಡು ಸಲ ಪಿಯುಸಿ ಓದಿದರೂ ಉತ್ತರ ಸಿಗುವುದಿಲ್ಲ. ಸಾಲಿನಲ್ಲಿದ್ದ ಮುದುಕ ಮಂಚಯ್ಯ ಪಕ್ಕದವನಿಗೆ, “ನೀರು ಬುಡಕ್ಕೆ ಮಿಷಿನ್ನೇ ಮಾಡ್ಕೊಂಡವ್ನೆ ಕಣ್ಲಾ” ಎಂದ. ಅವನ ದನಿಯಲ್ಲಿ ಮೆಚ್ಚುಗೆಯೇ ಇತ್ತು.

ಸುನೀಲ್‌ಕುಮಾರ್ ನನ್ನ ಹೆಂಡತಿಗೆ ಕೈಮುಗಿದ. “ಅಕ್ಕ, ತೆಪ್ಪು ತಿಳ್ಕಬ್ಯಾಡಿ. ನೆನ್ನೆ ನಿಮ್ಮನ್ನ ಅಂದ್ಬುಟ್ಟೆ. ಒಳಗಿನ ಇಷ್ಯ ಗೊತ್ತಿರ್ಲಿಲ್ಲ.”

ಸಣ್ಣತಾಯಮ್ಮನ ಮಾನ ಹೀಗೆ ಅಲ್ಲೇ ವಾಪಸ್ಸು ಬಂತು. ನನ್ನದನ್ನು ಬಿಟ್ಟುಕೊಟ್ಟ ಮೇಲೆ ಬಂತು, ಅಷ್ಟೆ.

ಅಂದಿನಿಂದ ನನಗೆ ಕೊಟ್ಟಿಗೆಯಿಂದಲೂ ಕ್ಯಾನಿನಿಂದಲೂ ಬಹಿಷ್ಕಾರ. ಈಗ ಅವಳೇ ಹಾಲು ಕರೆದಿಟ್ಟು, ಸಗಣಿ ಬಾಚಿ, ಕೊಟ್ಟಿಗೆ ತೊಳೆದು, ತಲೆ ಬಾಚಿಕೊಂಡು, ನಿಧಾನವಾಗಿ ರಸ್ತೆ ದಾಟುತ್ತಾಳೆ. ಅಷ್ಟರಲ್ಲಿ ಹಾಲು ಆರಿರುತ್ತದೆ. ಕಡ್ಡಿ ದಿನವೂ ತೇಲುತ್ತದೆ. ಸುನೀಲ್‌ಕುಮಾರ್ ಅದನ್ನು ಸಾಲಿಗೆಲ್ಲ ತೋರಿಸಿ, “ಅಣ್ಣನ ಕೈ ತಪ್ಪಿದ್ಮೇಲೆ ನೋಡ್ರಪ್ಪ, ಎಂಥಾ ಹಾಲು” ಎನ್ನುತ್ತಾನೆ. ಅದು ಆರಿದ್ದಕ್ಕೆ ಬಂದ ಡಿಗ್ರಿ ಎಂದು ನಾನು ಸಿಕ್ಕವರಿಗೆಲ್ಲ ವಿವರಿಸಿ ನೋಡಿದೆ. ಈಗ ನನ್ನನ್ನು ಕಂಡರೆ ಜನ ರಸ್ತೆಯ ಆ ಕಡೆಯಿಂದ ಹೋಗುತ್ತಾರೆ.

ನಿನ್ನೆ ಮಧ್ಯಾಹ್ನ ಸಣ್ಣತಾಯಮ್ಮ ನನಗೆ ಮುದ್ದೆ ಬಡಿಸಿ, ಸಾರು ಬಿಟ್ಟು, ಎದುರಿಗೆ ಕುಳಿತಳು. ಬಾಗಿಲ ಕಡೆ ಒಮ್ಮೆ ನೋಡಿ, ತೀರಾ ಮೆತ್ತಗಿನ ದನಿಯಲ್ಲಿ ಕೇಳಿದಳು:

“ನಾನೇನೂ ಬಯ್ಯಾಕಿಲ್ಲ. ನನ್ನತ್ರನಾದ್ರೂ ನಿಜ ಹೇಳಿ. ಎಷ್ಟು ದಿವ್ಸದಿಂದ ಹಾಕ್ತಿದ್ರಿ?”